ರವದಿ ಸುಡದ ವರ್ಷ

ತುಕ್ಕಾನಟ್ಟಿ
9 ಫೆಬ್ರುವರಿ 2025

ಪ್ರೀತಿಯ ನೇತ್ರಾ,

ನಾವೆಲ್ಲ ಆರಾಮ. ಯಮಕನಮರಡಿಯಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು ‘ಅಕ್ಕಾ’ ಎಂದರೆ ಸಾಕು, ಹೇಳಬೇಕಾದದ್ದು ಬಿಟ್ಟು ಬೇರೆ ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ದಸರಾ ಮುಗಿದ ಮೇಲೆ ನಮ್ಮೂರ ಹೆಂಗಸರೆಲ್ಲ ಬಸ್ಸಿನಲ್ಲಿ ನಿನ್ನ ಹೊಲ ನೋಡಲು ಬಂದಿದ್ದೆವಲ್ಲ. ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿಯ ರವದಿಗೆ ಬೆಂಕಿ ಹಚ್ಚದೆ, ಸಾಲಿನ ನಡುವೆ ಹಾಸಿದ್ದನ್ನು ನೀನು ತೋರಿಸಿದೆ. ಸುಟ್ಟರೆ ಹೊಗೆಯ ಜೊತೆ ಭೂಮಿಯನ್ನು ಕಾಯಿಸುವ ಗಾಳಿ ಮೇಲೇರುತ್ತದೆ, ಯೂರಿಯಾ ಹೆಚ್ಚು ಸುರಿದು ಹೊಲದಲ್ಲಿ ನೀರು ನಿಲ್ಲಲು ಬಿಟ್ಟರೆ ಅದಕ್ಕಿಂತ ನೂರಾರು ಪಟ್ಟು ಕೆಟ್ಟ ಗಾಳಿ ಹುಟ್ಟುತ್ತದೆ ಎಂದೆ. ಅಷ್ಟು ಜನರ ಮುಂದೆ ನಿನ್ನ ದನಿ ಎಲ್ಲೂ ನಡುಗಲಿಲ್ಲ. ನಾನು ಹಿಂದೆ ನಿಂತಿದ್ದೆ. ನಮ್ಮೂರ ಚನ್ನವ್ವ, “ಇದನ್ನೆಲ್ಲಾ ಯಾರ ಕಡಿಂದ ಕಲತಿ ನೇತ್ರಾ?” ಎಂದು ಕೇಳಿದಳು. ನೀನು ನಕ್ಕು, “ವಿಜ್ಞಾನಿಗಳು ಬಂದು ಹೇಳಿಕೊಟ್ರು ರಿ” ಅಂದೆ. ಅವ್ವ ತೀರಿಕೊಂಡ ಮೇಲೆ ನಿನ್ನ ಕೈಯಿಂದ ಮೊದಲು ಕಬ್ಬು ನೆಡಿಸಿದವಳು ನಾನು. ಅದು ನಿನ್ನ ಬಾಯಿಗೆ ಬರಲೇ ಇಲ್ಲ.

ತಿರುಗಿ ಬರುವಾಗ ಬಸ್ಸಿನ ತುಂಬ ನಿನ್ನದೇ ಮಾತು. ಮನೆಯಲ್ಲಿ ಇವರೂ ಬಿಡಲಿಲ್ಲ. ಊಟಕ್ಕೆ ಕೂತವರು, “ನಿನ್ನ ತಂಗಿ ಭಾಳ ಶ್ಯಾಣ್ಯಾಕಿ ಅದಾಳ ನೋಡು” ಅಂದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಕಬ್ಬು ಕಟಾವಾಯಿತು. ಇವರು ಕಡ್ಡಿಪೆಟ್ಟಿಗೆ ಹಿಡಿದು ಬಂದಾಗ ನಾನು ಬದುವಿನ ಮೇಲೆ ಅಡ್ಡ ನಿಂತೆ.

“ಈ ಸಲ ಸುಡೂದು ಬ್ಯಾಡ್ರಿ” ಅಂದೆ.

“ಯಾಕ, ನೇತ್ರಾ ಹೇಳಿದ್ಲೇನು?”

“ಯಾರೂ ಹೇಳಿಲ್ಲ. ನನಗೂ ತಿಳೀತೈತಿ.”

ಭೂಮಿ ಬಿಸಿಯಾಗುತ್ತದೆಂಬ ಚಿಂತೆಗಿಂತ, ನಿನ್ನ ಹೊಲಕ್ಕಿಂತ ನನ್ನದು ಮೇಲಾಗಬೇಕೆಂಬ ಹಟವೇ ಆಗ ಹೆಚ್ಚಿತ್ತು. ರವದಿ ಹಾಸಿದೆವು. ನೀನು ಯೂರಿಯಾ ಅರ್ಧಕ್ಕೆ ಇಳಿಸಿದ್ದೆ. ನಾನು ಹಾಕುವುದನ್ನೇ ಪೂರ್ತಿ ಬಿಟ್ಟೆ.

ಪಕ್ಕದ ಹೊಲದ ಮನೆಯ ಸಾತವ್ವನಿಗೆ ದಮ್ಮು. ಪ್ರತಿ ವರ್ಷ ನಮ್ಮ ಹೊಗೆ ತಾಳಲಾರದೆ ಮೇಲವಂಕಿಗೆ, ಮಗಳ ಮನೆಗೆ ಹೋಗಿಬಿಡುತ್ತಿದ್ದಳು. ಈ ಸಲ ಹೋಗಲಿಲ್ಲ. ನನ್ನ ಕೈ ಹಿಡಿದು, “ಈ ವರ್ಷ ನಮ್ಮನ್ಯಾಗ ಕುಂತು ಉಸಿರಾಡಾಕತ್ತೇನಿ, ದಾನವ್ವ” ಅಂದಳು. ಆ ಒಂದು ಗಳಿಗೆ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಮತ್ತೆ ಬಂತು.

ಮುಂದಿನ ತಿಂಗಳು ಗೋಕಾಕ, ಹುಕ್ಕೇರಿ ಕಡೆಯ ರೈತರು ನನ್ನ ಹೊಲ ನೋಡಲು ಬರುತ್ತಾರೆ. ನಿನ್ನನ್ನೂ ಕರೆಯೋಣ ಎನ್ನುತ್ತಿದ್ದಾರೆ ಇವರು. ನೀನು ಬರಬೇಡ. ಬಂದರೆ ಎಲ್ಲರೂ ನಿನ್ನನ್ನೇ ಕೇಳುತ್ತಾರೆ, ನಾನು ಚಹಾ ಕೊಡುತ್ತ ಓಡಾಡಬೇಕಾಗುತ್ತದೆ. ಅದೊಂದು ದಿನ ನನಗೆ ಬಿಡು. ಇವರು ಕರೆದರೆ ಏನಾದರೂ ನೆಪ ಹೇಳು.

ನಿನ್ನನ್ನು ಬೆಳೆಸಿದ ಅಕ್ಕ,
ದಾನೇಶ್ವರಿ

ತಾ.ಕ.: ಕಡಿದ ಕಬ್ಬಿನ ಚಿಗುರೆಲ್ಲ ಹಳದಿಗೆ ತಿರುಗಿದೆ. ಥಂಡಿಗೆ ಹೀಗಾಗಿದೆ ಎಂದು ಇವರಿಗೆ ಹೇಳಿದ್ದೇನೆ, ಯೂರಿಯಾ ಬಿಟ್ಟಿದ್ದಕ್ಕೆ ಎಂದಲ್ಲ. ಹಸಿರಾಗದಿದ್ದರೆ ಬರುವ ವರ್ಷ ಮತ್ತೆ ಬೆಂಕಿಯೇ ಎನ್ನುತ್ತಿದ್ದಾರೆ. ಬೇರೆ ಯಾರನ್ನೂ ಕೇಳಲು ನನಗೆ ಮುಖವಿಲ್ಲ. ಶುಕ್ರವಾರ ಇವರು ಊರಲ್ಲಿರುವುದಿಲ್ಲ. ಅವತ್ತು ನೀನೊಬ್ಬಳೇ ಬಾ, ನೇತ್ರಾ. ಊರೊಳಗೆ ಬರದೆ ಕಾಲುವೆ ದಾರಿ ಹಿಡಿದು ನೇರ ಹೊಲಕ್ಕೇ ಬಾ. ಬೆಳಿಗ್ಗೆಯಿಂದ ಕಾಯುತ್ತಿರುತ್ತೇನೆ.