ಇಬ್ಬರ ತೂಕಕ್ಕೆ

ನನ್ನ ಏಣಿಗೆ,

ನನಗಿಂತ ಆರು ವರ್ಷ ತಡವಾಗಿ ಹುಟ್ಟಿ, ನನಗಿಂತ ಒಂದು ಗೇಣು ಉದ್ದ ಬೆಳೆದ ತಪ್ಪಿಗೆ ಈ ಹೆಸರು ನಿನಗೆ ಅಂಟಿಕೊಂಡಿತು, ಮದುವೆಯಾದರೂ ಬಿಡುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ಬದಲಾಯಿಸಿಬಿಡುತ್ತೇನೆ. ಅದಕ್ಕೇ ಈ ಕಾಗದ. ನನ್ನ ಟೈಲರ್ ಅಂಗಡಿಯ ಮೇಜಿನ ಮೇಲೆ, ಇವತ್ತೇ ಕೊಡಬೇಕಾದ ಕೋಟೊಂದನ್ನು ಪಕ್ಕಕ್ಕೆ ತಳ್ಳಿ ಬರೆಯುತ್ತಿದ್ದೇನೆ.

ಹೊಸ ಬೈಕು ತೆಗೆದುಕೊಂಡೆ. ಹೌದು ಕಣೇ, ನಾನೇ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಮುಂದೆ ಓದುವಾಗ ನಿನ್ನ ಪೂರ್ತಿ ಗಮನ ನನಗೆ ಬೇಕು.

ಊರಿಗೆಲ್ಲ ಅಳತೆ ಹಿಡಿಯುವ ಕೈ ನನ್ನದು. ಶೋರೂಮಿನಲ್ಲಿ ಅದರ ಮೇಲೆ ಕೂತಾಗ ಮಾತ್ರ ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗಿದ್ದೆ. ಹೆಬ್ಬೆರಳಷ್ಟೇ ನೆಲ ಮುಟ್ಟುತ್ತಿತ್ತು. ಈ ಸಲ ಜಂಬ ಮಾಡಲಿಲ್ಲ. ಟೇಪು ತೆಗೆದು ನನ್ನ ಕಾಲನ್ನು ನಾನೇ ಅಳೆದುಕೊಂಡೆ, ಇಪ್ಪತ್ತಾರು ಇಂಚು. ಸೀಟಿನ ಸ್ಪಂಜು ಕತ್ತರಿಸಿ ತಗ್ಗಿಸಿದೆ, ಹೊದಿಕೆಯನ್ನೂ ನಾನೇ ಹೊಲಿದೆ. ಮೊದಲ ಸಲ ಮುಂಭಾಗವನ್ನು ಜಾಸ್ತಿ ಕತ್ತರಿಸಿ, ಬ್ರೇಕ್ ಹಿಡಿದಾಗಲೆಲ್ಲ ಜಾರಿ ಟ್ಯಾಂಕಿಗೆ ಅಂಟಿಕೊಳ್ಳುತ್ತಿದ್ದೆ. ಬಿಚ್ಚಿ ಮತ್ತೆ ಹೊಲಿದೆ. ಮೆಕ್ಯಾನಿಕ್ ಹ್ಯಾಂಡಲನ್ನು ನನ್ನ ಕಡೆ ತುಸು ತಿರುಗಿಸಿ ಬಿಗಿದ, ಮಣಿಕಟ್ಟು ಮಡಿಯದಂತೆ ಕ್ಲಚ್ಚನ್ನು ಇಳಿಸಿಕೊಟ್ಟ. ಈಗ ಎರಡೂ ಪಾದ ಪೂರ್ತಿ ಊರುತ್ತವೆ.

ಕಳೆದ ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿಸಿದೆ. ಮೂರು ವರ್ಷದ ಹಿಂದೆ ನಾವಿಬ್ಬರೂ ಬಿದ್ದ ಅದೇ ರಸ್ತೆ. ನಾವು ಬಿದ್ದ ಆ ಹನ್ನೊಂದನೆಯ ತಿರುವು ದಾಟುವವರೆಗೆ ಉಸಿರು ಬಿಟ್ಟೆನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಮೈ ಸಡಿಲವಾಯಿತು. ತಿರುವಿನ ಕೊನೆಯತ್ತ ಕಣ್ಣಿಟ್ಟರೆ ಬೈಕು ತಾನಾಗಿ ಅತ್ತ ವಾಲುತ್ತದೆ ಎಂಬುದು ಮೈಗೆ ನೆನಪಾಯಿತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಹಿಂದಿನ ಚಕ್ರ ಮಾತ್ರ ಸಣ್ಣ ಗುಂಡಿಗೂ ಕುಪ್ಪಳಿಸಿ ನನ್ನನ್ನು ಎತ್ತಿ ಹಾಕುತ್ತಿತ್ತು. ಸೊಂಟ ನೋಯಿಸಿಕೊಂಡೇ ಬೆಟ್ಟ ಇಳಿದು ಬಂದು ಮೆಕ್ಯಾನಿಕ್ ಮುಂದೆ ನಿಲ್ಲಿಸಿದೆ.

ಆತ ಬಗ್ಗಿ ನೋಡಿ ನಕ್ಕ. "ಮೇಡಂ, ಹಿಂದಿನ ಸ್ಪ್ರಿಂಗು ಇಬ್ಬರ ತೂಕಕ್ಕೆ ಬಿಗಿದಿದೆ. ನೀವೇ ಅಲ್ವಾ ಹೇಳಿ ಮಾಡಿಸಿದ್ದು? ಒಬ್ರೇ ಓಡ್ಸೋದಾದ್ರೆ ಸಡಿಲ ಮಾಡ್ಬೇಕು."

ನಾನೇ ಹೇಳಿದ್ದೆ. ತೂಕ ಎಷ್ಟು ಎಂದು ಆತ ಕೇಳಿದಾಗ, ಯೋಚನೆ ಕೂಡ ಮಾಡದೆ, ನನ್ನದಕ್ಕೆ ನಿನ್ನದನ್ನೂ ಸೇರಿಸಿ ಹೇಳಿಬಿಟ್ಟಿದ್ದೆ. ಮೂರು ವರ್ಷದಿಂದ ನೀನು ಯಾರ ಬೈಕಿನ ಹಿಂದೆಯೂ ಕೂತಿಲ್ಲ. ನನ್ನ ಪಾಲಿಗೆ ಮಾತ್ರ ನೀನು ಇಳಿದೇ ಇರಲಿಲ್ಲ. ಗ್ಯಾರೇಜಿನ ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಪಾಪ, ಆತ ಗಾಬರಿಯಾಗಿ, "ಅಯ್ಯೋ, ಎರಡೇ ನಿಮಿಷದ ಕೆಲ್ಸ ಮೇಡಂ" ಎಂದು ಸಮಾಧಾನ ಮಾಡಿದ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಹೋದ ತಿಂಗಳು ನಾನು ನಿಮ್ಮ ಮನೆಗೆ ಬಂದಿದ್ದಾಗ, ನಿಮ್ಮವರು ಗೆಳೆಯನ ಬೈಕು ತಂದು ಒಂದು ಸುತ್ತು ಹೋಗಿಬರೋಣ ಎಂದು ಕರೆದರು. ನೀನು, "ಬೇಡಪ್ಪ, ನಂಗೆ ನೆಟ್ಟಗೆ ಕೂರೋಕೇ ಬರಲ್ಲ. ನಾನು ಅಲ್ಲಾಡಿದ್ದಕ್ಕೇ ಅವತ್ತು ಅಕ್ಕ ಬಿದ್ದಿದ್ದು" ಅಂದೆ. ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ, ಕೇಳಿಸಿತು. ಈ ಮಾತನ್ನು ನೀನು ಮೊದಲು ಹೇಳಿದ್ದು ಆಸ್ಪತ್ರೆಯ ಮಂಚದ ಮೇಲೆ, ಅಮ್ಮ ನನ್ನ ಮೇಲೆ ರೇಗದಿರಲಿ ಎಂದು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಆ ಸ್ಥಿತಿಯಲ್ಲೂ ನನ್ನ ಕಡೆ ಕಣ್ಣು ಮಿಟುಕಿಸಿದ್ದೆ. ಹೇಡಿ ನಾನು, ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಉಳಿಸಲು ಹೇಳಿದ ಸುಳ್ಳನ್ನು ಹೇಳಿ ಹೇಳಿ ನೀನೇ ನಂಬಿಬಿಟ್ಟೆಯಲ್ಲೇ.

ನಡೆದದ್ದು ಇಷ್ಟು. ಆ ಬೈಕು ಅಪ್ಪನದು, ನನಗೆ ಎತ್ತರ. "ನಿನ್ನ ಕಾಲು ಎಟುಕ್ತಿಲ್ಲ ಕಣಕ್ಕಾ, ಸೀಟು ತಗ್ಗಿಸ್ಕೊ" ಎಂದು ನೀನು ಎರಡು ಸಲ ಹೇಳಿದ್ದೆ. ಗಿಡ್ಡಿ ಎಂದು ಒಪ್ಪಿಕೊಳ್ಳಲು ನನಗೆ ಅವಮಾನ. ತಿರುವಿನಲ್ಲಿ ಮೇಲಿನಿಂದ ಬಸ್ಸು ಬಂತು, ನಿಲ್ಲಿಸಿದೆ. ಎಡಗಾಲು ಇಳಿಬಿಟ್ಟೆ, ಇಳಿಜಾರಿನಲ್ಲಿ ನೆಲವೇ ಸಿಗಲಿಲ್ಲ. ಬೈಕು ವಾಲಿತು, ನಿನ್ನ ಕಾಲು ಅಡಿಗೆ ಸಿಕ್ಕಿತು.

ನಿನ್ನೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಎದ್ದು ಹೋದಳು. ಸಂಜೆ ಬಂದು, "ಅವಳಿಗೆ ಹೇಳಿದ್ಯಾ?" ಎಂದು ಅದೊಂದನ್ನೇ ಕೇಳಿದಳು.

ನನ್ನ ಹಿಂದೆ ಕೂರು ಎಂದು ಕರೆಯಲು ಬರೆಯುತ್ತಿಲ್ಲ, ಆ ಮುಖ ನನಗಿಲ್ಲ. ನಿಮ್ಮವರ ಹಿಂದೆ ಕೂರು, ಬೇಕೆನಿಸಿದರೆ ನೀನೇ ಕಲಿತು ಓಡಿಸು, ಎರಡೂ ಬೇಡವೆಂದರೆ ನಡೆದುಕೊಂಡೇ ಹೋಗು. ಆದರೆ ನಿನಗೆ ಕೂರಲು ಬರುವುದಿಲ್ಲ ಎಂದು ಮಾತ್ರ ಇನ್ನೊಮ್ಮೆ ಹೇಳಬೇಡ. ನೀನು ಅವತ್ತು ಅಲ್ಲಾಡಲೇ ಇಲ್ಲ. ಬೈಕು ವಾಲುತ್ತಿದ್ದಾಗಲೂ ನನ್ನ ಭುಜದ ಮೇಲೆ ಎರಡೂ ಕೈಯಿಟ್ಟು, ನಾನು ಹೇಳಿಕೊಟ್ಟ ಹಾಗೇ ಕೂತಿದ್ದೆ. ಅಕ್ಕನನ್ನು ನಂಬದೆ ಜಿಗಿದುಬಿಟ್ಟಿದ್ದರೆ ನಿನ್ನ ಕಾಲು ಮುರಿಯುತ್ತಿರಲಿಲ್ಲ ಕಣೇ.

ಕ್ಷಮಿಸು ಎನ್ನುವುದನ್ನು ಎದುರಿಗೆ ಬಂದು ಹೇಳುತ್ತೇನೆ. ಅಲ್ಲಿಯವರೆಗೆ ಚೆನ್ನಾಗಿರು, ನೋವಿಲ್ಲದೆ ನಡೆ, ನೂರು ಕಾಲ ಬಾಳು.

ನಿನ್ನ ಗಿಡ್ಡ ಅಕ್ಕ