ಸದ್ದು ಮಾಡದ ಜೋಳ

ಮನೆಯಿಂದ,
ಭಾನುವಾರ ಸಂಜೆ

ನಮ್ಮ ಮನೆಯ ಯಜಮಾನಿಗೆ, ಪ್ರೀತಿಯಿಂದ,

ಮಗಳ ಕಾಲು ಹೇಗಿದೆ? ಪ್ಲಾಸ್ಟರ್ ತೆಗೆದ ಮೇಲೆ ನೆಲಕ್ಕೆ ಊರುತ್ತಾಳೋ, ಇಲ್ಲ ಈಗಲೂ ಗೋಡೆ ಹಿಡಿದುಕೊಂಡೇ ಓಡಾಡುತ್ತಾಳೋ? ಮೆಟ್ಟಿಲ ಮೇಲೆ ಓಡಬೇಡ ಅಂತ ಅವಳು ಫ್ರಾಕ್ ಹಾಕುವ ಕಾಲದಿಂದಲೂ ಹೇಳುತ್ತಿದ್ದೇನೆ, ಕೇಳಿದರೆ ತಾನೇ. ಅಳಿಯಂದಿರ ಕೆಮ್ಮು ಇಳಿಯಿತೇ? ಪುಟಾಣಿ ಹಟ ಮಾಡದೆ ಉಣ್ಣುತ್ತಾಳೇ? ನಿನ್ನ ಮಂಡಿಗೆ ತಪ್ಪದೆ ಎಣ್ಣೆ ಹಚ್ಚಿಕೋ ಅಂತ ಬರೆಯಬೇಕೆಂದು ಕೂತೆ. ತಲೆ ಎತ್ತಿದರೆ ಎಣ್ಣೆ ಸೀಸೆ ಇಲ್ಲೇ ಕಪಾಟಿನ ಮೇಲೆ ನನ್ನನ್ನೇ ನೋಡುತ್ತಿದೆ. ನಾನು ಚೆನ್ನಾಗಿದ್ದೇನೆ. ಅಂದರೆ ದೇಹ ಚೆನ್ನಾಗಿದೆ. ತಲೆ ಮಾತ್ರ ಬೆಳಗಿನಿಂದ ಬಾಣಲೆಯ ಹಾಗೆ ಕಾದಿದೆ.

ಎಲ್ಲಾ ಆ ಹಾಳು ಪಾಪ್‌ಕಾರ್ನಿನಿಂದ. ಅಡುಗೆಮನೆಯಲ್ಲಿ ಮಿಕ್ಕಿದ್ದೆಲ್ಲ ನಿನ್ನದು, ಭಾನುವಾರದ ಪಾಪ್‌ಕಾರ್ನ್ ಮಾತ್ರ ನನ್ನದು, ನಿನಗೇ ಗೊತ್ತು. ಎಣ್ಣೆ ಕಾಯಿಸುವವನು ನಾನು, ಕಾಳು ಸುರಿಯುವವನು ನಾನು, ಮುಚ್ಚಳ ಒತ್ತಿ ಹಿಡಿದು ಪಾತ್ರೆ ಅಲ್ಲಾಡಿಸುವವನೂ ನಾನೇ. ನೀನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಹೊಲಿಗೆಯಿಂದ ತಲೆಯನ್ನೂ ಎತ್ತದೆ, 'ಸಾಕು ರೀ, ಇಳಿಸಿ' ಅಂತ ಕೂಗುವವಳು. ಅಷ್ಟಕ್ಕೇ ಅರ್ಧ ಪಾಲು ನಿನಗೆ! 'ಅಪ್ಪನಿಗೆ ನೀರು ಕಾಯಿಸೋಕೂ ಬರಲ್ಲ, ಮನೆಗೆ ಬೀಗ ಹಾಕಿ ಅವರನ್ನೂ ಇಲ್ಲಿಗೇ ಕರೆಸ್ಕೊಳ್ಳೋಣ' ಅಂತ ಮಗಳು ಅಂದಳಂತೆ. ನಿನ್ನನ್ನು ಕರೆದೊಯ್ಯಲು ಬಂದ ದಿನ ಅಳಿಯಂದಿರೇ ಬಾಯಿ ತಪ್ಪಿ ಹೇಳಿಬಿಟ್ಟರು. ಈ ಮನೆಗೆ ಬೀಗವೇ? ಒಬ್ಬನೇ ಇದ್ದು ತೋರಿಸುತ್ತೇನೆ, ಪಾಪ್‌ಕಾರ್ನ್ ಮಾಡಿ ಡಬ್ಬಿ ತುಂಬಿಸಿ ಅವಳಿಗೇ ಕಳಿಸುತ್ತೇನೆ ಅಂತ ಹಟ ತೊಟ್ಟೆ.

ಮೊದಲ ಸಲ ಮಾಡಿದ್ದು ಸೀದು ಕರಕಲು. ಎರಡನೆಯದೂ ಹಾಗೇ. ಇಷ್ಟು ವರ್ಷ ಹಿಟ್ಟಿನ ಗಿರಣಿ ನಡೆಸಿದವನು ನಾನು, ಕಾಳು ಹಲ್ಲಿಗೆ ಹಾಕಿ ಕಡಿದರೆ ಅದರ ಜಾತಕ ಹೇಳುತ್ತೇನೆ. ಕಡಿದು ನೋಡಿದೆ, ಕಾಳಿನಲ್ಲಿ ದೋಷವಿಲ್ಲ. ಆದರೂ ಈಗಿನ ಜೋಳಕ್ಕೆ ಸದ್ದೇ ಇಲ್ಲ ಕಣೇ! ಮೊದಲೆಲ್ಲ ಪಟಪಟ ಅಂತ ಮನೆಯೇ ಹಾರಿಹೋಗುವಂತೆ ಸಿಡಿಯುತ್ತಿತ್ತು. ಈಗ ಕಳ್ಳನ ಹಾಗೆ ಸುಮ್ಮನೆ ಕೂತು ಸುಟ್ಟುಹೋಗುತ್ತದೆ. ಅಂಗಡಿಯವನನ್ನು ಕೇಳೋಣ ಅಂತ ಹೋದೆ. ಮೀನಿನ ಹಾಗೆ ಬಾಯಿ ಆಡಿಸಿದ, ಅಷ್ಟೇ. ಈಗಿನವರಿಗೆ ಬಾಯಿಬಿಟ್ಟು ಮಾತಾಡೋಕೂ ಸೋಮಾರಿತನ. ನಮ್ಮ ಫೋನೂ ಹಾಳಾಗಿದೆ, ನೀನು ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗಿರುತ್ತದೆ. ಅದಕ್ಕೇ ಈ ಕಾಗದ.

ದಪ್ಪ ತಳದ ಪಾತ್ರೆ ತೆಗೆದೆ. ಉರಿ ಸಣ್ಣ ಮಾಡಿದೆ. ಮೂರನೆಯ ಸಲ ಸಿಟ್ಟು ನೆತ್ತಿಗೇರಿ, ಒಳಗೇನು ನಡೆಯುತ್ತಿದೆ ನೋಡೇ ಬಿಡೋಣ ಅಂತ ಮುಚ್ಚಳ ಎತ್ತಿದೆ. ಅಯ್ಯೋ! ಕ್ಯಾಲೆಂಡರಿನ ಹಿಂದೆ ಒಂದು, ನಿನ್ನ ಹೊಲಿಗೆ ಬುಟ್ಟಿಯಲ್ಲಿ ನಾಲ್ಕು, ನನ್ನ ಅಂಗಿಯೊಳಗೆ ಬಿಸಿಬಿಸಿ ಇನ್ನೊಂದು. ಅದನ್ನು ತೆಗೆಯಲು ನಾನು ಕುಣಿಯುತ್ತಿದ್ದಾಗ ಮಿಕ್ಕಿದ್ದು ಹೊತ್ತಿ ಹೊಗೆಯೆದ್ದಿತು. ಮೇಲಿನ ಮನೆಯ ಟೀಚರಮ್ಮ ಹಿಂಬಾಗಿಲಿನಿಂದ ನುಗ್ಗಿ ಸ್ಟವ್ ಆರಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀನು ನಗುತ್ತೀಯ, ಗೊತ್ತು. ನಗು. ಆದರೆ ಮಗಳಿಗೆ ಹೇಳಬೇಡ. ಪಾತ್ರೆ ಮೂರು ಸಲ ತಿಕ್ಕಿದರೂ ತಳದ ಕಪ್ಪು ಬಿಟ್ಟಿಲ್ಲ. ನೀನು ಬರುವಷ್ಟರಲ್ಲಿ ಹೇಗಾದರೂ ಬಿಡಿಸುತ್ತೇನೆ.

ಮಗಳಿಗೂ ಪುಟಾಣಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ನೆನಪು ಹೇಳು.

ಇಂತಿ,
ನಿನ್ನ ಮನೆಯವರು

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಮನಸ್ಸು ಬಂದಿರಲಿಲ್ಲ. ಟೀಚರಮ್ಮ ಹಿಂದಿನಿಂದ ಬಂದಿದ್ದು ಯಾಕೆಂದರೆ, ಮುಂಬಾಗಿಲನ್ನು ಎಷ್ಟೋ ಹೊತ್ತು ಬಡಿದರಂತೆ, ನಾನು ತೆಗೆಯಲಿಲ್ಲವಂತೆ. ಆಮೇಲೆ ಅವರೇ ಪಕ್ಕದಲ್ಲಿ ನಿಂತು ನನ್ನ ಕೈಲಿ ಇನ್ನೊಮ್ಮೆ ಮಾಡಿಸಿದರು. ಇನ್ನೂ ಶುರುವೇ ಆಗಿಲ್ಲ ಅಂತ ನಾನು ಅಲ್ಲಾಡಿಸುತ್ತಲೇ ಇದ್ದೆ. ಅವರು ಕೈ ಎತ್ತಿ ಸಾಕು ಅಂದರು. ತೆಗೆದರೆ ಪಾತ್ರೆಯ ತುಂಬ ಮಲ್ಲಿಗೆಯಂತೆ ಅರಳಿತ್ತು. ಒಂದೂ ಕೇಳಿಸಿರಲಿಲ್ಲ ಕಣೇ. ಫೋನ್ ಹಾಳಾಗಿಲ್ಲ. ನೀನು ಬಂದ ಮೇಲೆ ಕಿವಿ ಡಾಕ್ಟರ ಹತ್ತಿರ ಹೋಗೋಣ; ಅವರು ಹೇಳಿದ್ದನ್ನು ನನಗೆ ಕೂಗಿ ಹೇಳೋಕೆ ನೀನು ಬೇಕು. ಇನ್ನೊಂದು ಮಾತು. ಮೊನ್ನೆ ಫೋನಿನಲ್ಲಿ ನೀನು ಏನೋ ಕೇಳಿದೆ, ಆಮೇಲೆ ಮಗಳೂ ಏನೋ ಕೇಳಿದಳು. ಇಬ್ಬರಿಗೂ 'ಹೂಂ, ಹಾಗೇ ಮಾಡಿ' ಅಂದುಬಿಟ್ಟೆ. ಮನೆಗೆ ಬೀಗ ಹಾಕುವ ಮಾತಾಗಿದ್ದರೆ ಆ ಹೂಂ ಲೆಕ್ಕಕ್ಕಿಲ್ಲ. ಯಾವುದಕ್ಕೆ ಹೂಂ ಅಂದೆ ಅಂತ ಬೇಗ ಬರೆದು ತಿಳಿಸು. ಫೋನ್ ಮಾಡಬೇಡ, ಬರಿ.