ಮೋಟನಿಗೆ ಬಂದ ಬಾಲ

ಮಣ್ಣು ತೊಳೆಯುವ ಶೆಡ್ಡಿನಿಂದ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಹೋಟೆಲಿನ ಹಾಸಿಗೆ ಮೆತ್ತಗಿದ್ದರೆ ನೆಲದ ಮೇಲೆ ಮಲಗು. ಅಮ್ಮ ಚೆನ್ನಾಗಿದ್ದಾಳೆ, ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ನನ್ನ ತಲೆ ತಿನ್ನುತ್ತಾಳೆ. ನಾನು ಮಾತ್ರ ಚೆನ್ನಾಗಿಲ್ಲ. ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿದೆ. ಫೋನಿನಲ್ಲಿ ಬೈದರೆ ‘ಸಿಗ್ನಲ್ ಇಲ್ಲ’ ಎಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ.

ಹಳೆಯ ಕೀಟನಾಶಕ ಗೋದಾಮಿನ ಮಣ್ಣು ತೊಳೆದುಕೊಡುವ ಕೆಲಸ ಹಿಡಿದಾಗ ನೀನೇ ಹೇಳಿದ್ದೆ, ‘ಮಣ್ಣು ತೊಳೆಯೋದು ದೊಡ್ಡ ವಿಷಯ ಅಲ್ಲ ಕಣೇ, ತೊಳೆದ ನೀರಿಂದೇ ತಲೆನೋವು. ವಿಷ ಎಲ್ಲೂ ಹೋಗಲ್ಲ, ನೀರಿಗೆ ಇಳಿಯುತ್ತೆ ಅಷ್ಟೆ.’ ಆ ನೀರನ್ನು ವಿಷ ಹೀರುವ ಇದ್ದಿಲಿನ ಟ್ಯಾಂಕಿನಲ್ಲಿ ಹಾಯಿಸಿ, ಕೊನೆಯ ತೊಟ್ಟಿಯಲ್ಲಿ ಮೀನು ಬಿಟ್ಟೆ. ಮೀನು ಬದುಕಿದ್ದರೆ ಮಾತ್ರ ನೀರು ಕಾಲುವೆಗೆ. ಸತ್ತರೆ ಇದ್ದಿಲಿನ ಕೆಲಸ ಮುಗಿಯಿತು, ಬದಲಾಯಿಸಬೇಕು ಎಂದು ನೀನೇ ನಿಯಮ ಮಾಡಿದೆ. ನಾನು ಊರೆಲ್ಲ ನಿನ್ನನ್ನು ಹೊಗಳಿಕೊಂಡು ತಿರುಗಿದೆ.

ಮೊನ್ನೆ ತೊಟ್ಟಿಗೆ ಬಗ್ಗಿ ನೋಡಿದೆ. ಬಾಲ ಹರಿದ ಮೀನೊಂದಿತ್ತಲ್ಲ, ನೀನು ಮುದ್ದಿನಿಂದ ಮೋಟ ಎನ್ನುತ್ತಿದ್ದೆಯಲ್ಲ, ಅದಕ್ಕೆ ಬಾಲ ಬಂದುಬಿಟ್ಟಿತ್ತು. ಮೇಸ್ತ್ರಿಯನ್ನು ಹಿಡಿದು ಕೇಳಿದರೆ ತಲೆ ಕೆರೆದುಕೊಂಡ. ‘ಸತ್ತಿದ್ದನ್ನ ತೆಗೆದು ದಿನಾ ಹೊಸದು ಬಿಡ್ತೀನಕ್ಕಾ. ಇದ್ದಿಲು ಬರೋವರೆಗೆ ಹಾಗೇ ನಡೆಸು ಅಂತ ಸಾರೇ ಹೇಳಿದ್ದು.’

ನಿನಗೆ ನಾಚಿಕೆಯಾಗಲಿಲ್ಲವೇ ಅಣ್ಣಾ? ಕೆಳಗಿನ ಬೀದಿಯವರು ಆ ಕಾಲುವೆಯಲ್ಲೇ ಪಾತ್ರೆ ತೊಳೆಯುತ್ತಾರೆ, ಮಕ್ಕಳಿಗೆ ಸ್ನಾನ ಮಾಡಿಸುತ್ತಾರೆ. ಗೋದಾಮಿನ ಮೂಲೆಯಲ್ಲಿ ತನ್ನ ಪಾಡಿಗೆ ಬಿದ್ದಿದ್ದ ವಿಷವನ್ನು ನಾವು ತೊಳೆದು ತೊಳೆದು ಅವರ ಮನೆಬಾಗಿಲಿಗೆ ಮುಟ್ಟಿಸಿದ್ದೇವೆ. ಸುಮ್ಮನೆ ಬಿಟ್ಟಿದ್ದರೇ ವಾಸಿಯಿತ್ತು. ಮುಂದಿನ ಕಂಟ್ರಾಕ್ಟಿಗಾಗಿ ಅಲ್ಲಿ ಯಾರ ಕಾಲು ಹಿಡಿಯುತ್ತಿದ್ದೀಯೋ, ಅವರಿಗೂ ಬದುಕಿರುವ ಮೀನಿನ ಫೋಟೋ ತೋರಿಸುತ್ತಿರಬೇಕು. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಯಂತ್ರ ನಿಲ್ಲಿಸಿದ್ದೇನೆ, ಕಾಲುವೆಯ ವಾಲ್ವ್ ಮುಚ್ಚಿ ಬೀಗ ಹಾಕಿದ್ದೇನೆ. ಹೊಸ ಇದ್ದಿಲು ಬರುವವರೆಗೆ ಒಂದು ಬುಟ್ಟಿ ಮಣ್ಣೂ ತೊಳೆಯುವುದಿಲ್ಲ. ಮೇಸ್ತ್ರಿಯನ್ನು ಪುಸಲಾಯಿಸಲು ನೋಡಬೇಡ. ಬೀಗದ ಕೈ ನನ್ನ ಹತ್ತಿರ ಇದೆ.

ಮಾತ್ರೆ ತಪ್ಪಿಸಬೇಡ. ಅಮ್ಮನ ಆಶೀರ್ವಾದಗಳು.

ಎಷ್ಟು ಸಿಟ್ಟಾದರೂ
ನಿನ್ನ ತಂಗಿಯೇ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ನಿನ್ನೆ ಕೆಳಗಿನ ಬೀದಿಗೆ ಹೋಗಿ, ಕಾಲುವೆ ನೀರು ಮುಟ್ಟಬೇಡಿ ಎಂದು ಮನೆಮನೆಗೂ ಹೇಳಿಬಂದೆ. ಮಗುವಿನ ತಲೆ ಒರೆಸುತ್ತಿದ್ದವಳೊಬ್ಬಳು ‘ಇದನ್ನ ಮಾಡಿದೋರು ಯಾರು?’ ಎಂದು ಕೇಳಿದಳು. ‘ನಮ್ಮಣ್ಣ’ ಅಂದೆ. ಈಗ ಅವರೆಲ್ಲ ನಮ್ಮ ಶೆಡ್ಡಿನ ಗೇಟಿನ ಮುಂದೆ ಕೂತಿದ್ದಾರೆ. ನೀನು ಬರುತ್ತೀಯ ಎಂದು ಮಾತು ಕೊಟ್ಟಿದ್ದೇನೆ.